ಅಜ್ಜನ ಫಿಯೆಟ್ಟಾ, ಮಾವನ ಮಾರುತಿಯಾ?

ಪ್ರಶ್ನೆ: ನಮ್ಮಲ್ಲಿ ಅಜ್ಜನ 1968ರ ಫಿಯೆಟ್ 1100 ಡಿ ಉಂಟು, ಮಾವನ 1988ರ ಮಾರುತಿ 800 ಕೂಡ ಉಂಟು. ಎರಡೂ ಓಡ್ತದೆ, ಶೆಡ್ಡಲ್ಲಿ ಒಂದಕ್ಕೇ ಜಾಗ. ಫಿಯೆಟ್ ಗಟ್ಟಿ, ಮಾರುತಿ ಬರೀ ಡಬ್ಬ ಅಂತಾರೆ ಎಲ್ಲರೂ. ಯಾವುದು ಇಟ್ಕೊಳ್ಳೋದು?
– ಓದುಗರು, ಬ್ರಹ್ಮಾವರ

ಉತ್ತರ: ಗಟ್ಟಿ ಅನ್ನೋ ಮಾತು ಘಟ್ಟದ ಮೇಲಿನವರಿಗೆ ಸರಿ ಮಾರಾಯ್ರೆ, ನಮ್ಮಲ್ಲಿ ಉಪ್ಪುಗಾಳಿ, ನಾಲ್ಕು ತಿಂಗಳ ಮಳೆ, ಅದರ ಮೇಲೆ ಮಲ್ಪೆಯ ಮೀನಿನ ಲಾರಿಗಳು ಹೈವೇ ಉದ್ದಕ್ಕೂ ಸುರಿಸ್ಕೊಂಡು ಹೋಗೋ ನೀರು, ಇದಕ್ಕೆಲ್ಲ ದಪ್ಪ ತಗಡು ತೆಳು ತಗಡು ಅಂತ ಭೇದ ಇಲ್ಲ. ಎರಡಕ್ಕೂ ಬೇರೆ ಚಾಸಿ ಇಲ್ಲ, ಬಾಡಿಯೇ ಭಾರ ಹೊರೋದು, ಅಡಿ ತುಕ್ಕು ಹಿಡಿದ್ರೆ ಕಾರೇ ಹೋಯ್ತು. ಮೊದಲು ಮ್ಯಾಟ್ ಎತ್ತಿ ಡ್ರೈವರ್ ಕಾಲಿಡೋ ಜಾಗ, ಬಾಗಿಲ ಕೆಳಗಿನ ಪಟ್ಟಿ, ಸ್ಟೆಪ್ನಿ ಇಡೋ ಜಾಗ ಎಲ್ಲ ಸ್ಕ್ರೂಡ್ರೈವರ್ ಹಿಡಿಯಿಂದ ಕುಟ್ಟಿ ನೋಡಿ. ಟಣ್ ಅಂದ್ರೆ ತಗಡು ಉಂಟು, ಡಬ್ ಅಂದ್ರೆ ಪುಟ್ಟಿ ಮತ್ತೆ ಪೇಂಟ್ ಮಾತ್ರ. ಇದ್ರಲ್ಲಿ ಫೇಲ್ ಆದದ್ದನ್ನು ಕಳಿಸಿ, ಅಜ್ಜನದ್ದೇ ಆಗ್ಲಿ.

ಎರಡೂ ಪಾಸಾದ್ರೆ ಓಡಿಸಿ ನೋಡ್ಬೇಕು. ಮುಂಬೈಯ ಕುರ್ಲಾದಲ್ಲಿ ಪ್ರೀಮಿಯರ್ ಕಂಪನಿಯವರು ಮಾಡಿದ ಈ ಫಿಯೆಟ್ಟೇ ಮುಂದೆ ಪದ್ಮಿನಿ ಆದದ್ದು, 1089 ಸಿಸಿ, ನಾಲ್ಕು ಸಿಲಿಂಡರ್, ಹಿಂದಿನ ಚಕ್ರಕ್ಕೆ ಪವರ್, ಗೇರು ಸ್ಟೀರಿಂಗ್ ಕೆಳಗೆ. ಮಾರುತಿ 1983ರ ಡಿಸೆಂಬರಲ್ಲಿ ಬಂತು, ನಿಮ್ಮದು 86ರಲ್ಲಿ ಬದಲಾದ ಆಕಾರದ್ದು, 796 ಸಿಸಿ, ಮೂರೇ ಸಿಲಿಂಡರ್, ಎಳೆಯೋದು ಮುಂದಿನ ಚಕ್ರ. ಎಂಜಿನ್ ಸಣ್ಣದಾದ್ರೂ ಕಾರು ಇನ್ನೂರು ಕೆಜಿಗಿಂತ ಜಾಸ್ತಿ ಹಗುರ, ಆಗುಂಬೆಯ 14 ತಿರುವಲ್ಲಿ ಅದೇ ಗೆಲ್ಲೋದು. ಫಿಯೆಟ್‌ದು ನಾಲ್ಕೂ ಡ್ರಮ್ ಬ್ರೇಕ್, ಬಿಸಿಯಾದ್ರೂ ಒದ್ದೆಯಾದ್ರೂ ಹಿಡಿತ ಕಮ್ಮಿ, ಘಟ್ಟ ಇಳಿಯುವಾಗ ಸೆಕೆಂಡ್ ಗೇರಲ್ಲೇ ಇರ್ಬೇಕು, ನೀರಲ್ಲಿ ಇಳಿಸಿದ ಮೇಲೆ ಸ್ವಲ್ಪ ದೂರ ಬ್ರೇಕ್ ಒತ್ತುತ್ತಾ ಒಣಗಿಸ್ಕೊಳ್ಬೇಕು. ಆಗಿನ ಫಿಯೆಟ್‌ಗೆ ಕರೆಂಟ್ ಕೊಡೋದು ಡೈನಮೋ, ಎಂಜಿನ್ ನಿಧಾನ ಆದ್ರೆ ಕರೆಂಟೂ ಕಮ್ಮಿ, ಮಳೆಯ ರಾತ್ರಿ ಉಡುಪಿಯ ಕಲ್ಸಂಕದ ಟ್ರಾಫಿಕ್‌ನಲ್ಲಿ ನಿಂತ್ರೆ ಹೆಡ್‌ಲೈಟೂ ವೈಪರೂ ಒಟ್ಟಿಗೆ ಸುಸ್ತಾಗ್ತದೆ, ಆಕ್ಸಿಲರೇಟರ್ ಒತ್ತಿದ್ರೆ ಲೈಟಿಗೆ ಜೀವ ಬರ್ತದೆ. ಹಾಗಂತ ಆ ಸೋಫಾದಂಥ ಸೀಟಲ್ಲಿ ಕೂತು, ಮುಂದಿನ ಸಣ್ಣ ತ್ರಿಕೋನ ಗ್ಲಾಸ್ ತಿರುಗಿಸಿ ಗಾಳಿ ತಗೊಳ್ಳೋ ಸುಖ ಮಾರುತಿಯಲ್ಲಿ ಇಲ್ಲ, ಅದನ್ನು ಒಪ್ಪಲೇಬೇಕು.

ಆದ್ರೂ ನಾನಾದ್ರೆ ಮಾರುತಿ ಇಟ್ಕೊಳ್ತೇನೆ. ಫಿಯೆಟ್ ಮಾರ್ಲಿಕ್ಕೆ ಹೊರಟ್ರೆ ಅದನ್ನು ಸಾಕುವ ಹುಚ್ಚಿನವರು ಸಿಗ್ತಾರೆ, 50 ವರ್ಷ ದಾಟಿದ ಕಾರು ಮೂಲ ರೂಪದಲ್ಲೇ ಇದ್ರೆ 2021ರ ನಿಯಮದಲ್ಲಿ ವಿಂಟೇಜ್ ರಿಜಿಸ್ಟ್ರೇಷನ್ನೂ ಮಾಡಿಸ್ಬಹುದು (ಆಮೇಲೆ ದಿನಾ ಓಡಿಸ್ಲಿಕ್ಕಿಲ್ಲ, ಅದೊಂದು ಉಂಟು). ಮಾರುತಿಗೆ ಬರೋದು ಗುಜರಿಯವರೇ, ಅದಕ್ಕೇ ಆ ಕಾಲದ 800 ರೋಡಲ್ಲಿ ಈಗ ಅಪರೂಪ.

ಯಾವುದಿಟ್ರೂ ಪೆಟ್ರೋಲ್ ಪೈಪ್ ಹೊಸತು ಹಾಕ್ಸಿ, ಈಗಿನ ಎಥನಾಲ್ ಬೆರೆಸಿದ ಪೆಟ್ರೋಲ್ ಹಳೇ ರಬ್ಬರನ್ನು ತಿಂತದೆ, ಮಳೆಗಾಲದಲ್ಲಿ ತಿಂಗಳುಗಟ್ಟಲೆ ನಿಲ್ಲಿಸಿದ್ರೆ ನೀರೂ ಎಳ್ಕೊಳ್ತದೆ. ಮತ್ತೆ ಆರ್‌ಸಿ ಯಾರ ಹೆಸರಲ್ಲಿ ಉಂಟು ನೋಡಿ, ಅಜ್ಜನ ಹೆಸರಲ್ಲೇ ಇದ್ರೆ ಮಾರುವ ಮೊದಲು ಅದನ್ನು ಸರಿಮಾಡಿ.