ಕಾರ್ತಹೇನಾದ ಹೆತ್ಸೆಮನಿ ಬಡಾವಣೆಗೆ ಅಷ್ಟೊಂದು ಮಹತ್ವ ಯಾಕೆ? ಅಲ್ಲಿ ನೋಡುವಂಥದ್ದೇನಿದೆ?

ಕೊಲಂಬಿಯಾದ ಕೆರಿಬಿಯನ್ ಕರಾವಳಿಯ ಕಾರ್ತಹೇನಾ ನಗರ ಹುಟ್ಟಿದ್ದು 1533ರಲ್ಲಿ. ಸ್ಪ್ಯಾನಿಷ್ ಸಿರಿವಂತರು ಕೋಟೆಯೊಳಗಿನ ಮುಖ್ಯ ಊರಲ್ಲಿದ್ದರು. ಪಕ್ಕದ ಹೆತ್ಸೆಮನಿ ಆಗ ಬೇರೆಯದೇ ದ್ವೀಪ. ಕಮ್ಮಾರರು, ಬಡಗಿಗಳು, ಆಫ್ರಿಕಾ ಮೂಲದ ದುಡಿಯುವ ಜನ ಇದ್ದದ್ದು ಅಲ್ಲಿ. ಹೆಸರು ಬೈಬಲ್ಲಿನ ಗೆತ್ಸೇಮನೆ ತೋಟದ್ದು.

ಅದರ ನಿಜವಾದ ಹಿರಿಮೆ 1811ರ ನವೆಂಬರ್ 11ರದು. ಪೆದ್ರೊ ರೊಮೆರೊ ಎಂಬ ಕುಶಲಕರ್ಮಿಯ ಮುಂದಾಳತ್ವದಲ್ಲಿ ಇಲ್ಲಿನ ಜನ ಮುಖ್ಯ ಊರಿಗೆ ನುಗ್ಗಿ, ಸ್ಪೇನಿನಿಂದ ಪೂರ್ತಿ ಸ್ವಾತಂತ್ರ್ಯ ಘೋಷಿಸುವಂತೆ ಅಲ್ಲಿನ ಮುಖಂಡರನ್ನು ಒತ್ತಾಯಿಸಿದರು. ಸ್ವಾತಂತ್ರ್ಯದ ಕಥೆಯಲ್ಲಿ ಸಿರಿವಂತರ ಹೆಸರೇ ಮೊದಲು ಬರುತ್ತದೆ; ನನ್ನ ಮಟ್ಟಿಗೆ ಮೊದಲ ಸಾಲು ಈ ಕೇರಿಯವರಿಗೇ ಸಲ್ಲಬೇಕು.

ನೋಡಲು ಮೊದಲು ಟ್ರಿನಿದಾದ್ ಚೌಕಕ್ಕೆ ಹೋಗಿ, ಅದೂ ಸಂಜೆ. ಹಳದಿ ಬಣ್ಣದ ಹಳೇ ಚರ್ಚು, ಎದುರಿಗೆ ರೊಮೆರೊ ಪ್ರತಿಮೆ, ಸುತ್ತ ಚೆಂಡಾಡುವ ಮಕ್ಕಳು, ತಳ್ಳುಗಾಡಿ ತಿಂಡಿಯ ಘಮ. ಸ್ವಾತಂತ್ರ್ಯದ ನೂರನೇ ವರ್ಷದ ನೆನಪಿನ ಸೆಂತೆನಾರಿಯೊ ಪಾರ್ಕ್ ಹತ್ತಿರದಲ್ಲೇ ಇದೆ. ಸಾನ್ ಫೆಲಿಪೆ ಕೋಟೆಗೂ ನಡೆದೇ ಹೋಗಬಹುದು.

1984ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆ ಪಟ್ಟಿ ಸೇರಿದ ನಗರವಿದು. ಈಗ ಹೆತ್ಸೆಮನಿಯಲ್ಲಿ ಬಾಡಿಗೆ ಏರಿ, ತಲೆಮಾರುಗಳಿಂದ ಇದ್ದ ಕುಟುಂಬಗಳೇ ಮನೆ ಬಿಡುತ್ತಿವೆ. ಹೋದರೆ ಅಲ್ಲಿಯವರದೇ ಅಂಗಡಿಯಲ್ಲಿ ಉಣ್ಣಿ.