ಕಪ್ಪು ಬಳಿದಿರುವ ಹಳೆ ಜಾವಾ ಬೈಕಿನ ಮೂಲ ಬಣ್ಣ ಕಂಡುಹಿಡಿಯುವುದು ಹೇಗೆ?

ಬಿಸಿಲೂ ಬ್ರಷ್ಷೂ ತಾಗದ ಜಾಗ ಹುಡುಕಿ: ಟ್ಯಾಂಕಿನ ಅಡಿ, ಹೆಡ್‌ಲೈಟಿನ ಹಿಂದೆ, ಟೂಲ್ ಬಾಕ್ಸಿನ ಒಳಗೆ, ಟ್ಯಾಂಕಿನ ರಬ್ಬರ್ ಪ್ಯಾಡ್ ಕೆಳಗೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ 1960ರ ದಶಕದಲ್ಲಿ ಬಂದ ಗಾಡಿಯಾದರೆ ಮರೂನ್ ಸಿಗುವ ಸಾಧ್ಯತೆಯೇ ಜಾಸ್ತಿ. 1000 ನಂಬರಿನ ವಾಟರ್ ಪೇಪರಿನಲ್ಲಿ (ನೀರು ಹಾಕಿ ಉಜ್ಜುವ ನಯವಾದ ಉಜ್ಜುಕಾಗದ) ನಿಧಾನವಾಗಿ ಉಜ್ಜಿ. ಒಂದೊಂದೇ ಪದರ ಕಾಣುತ್ತಾ ಹೋಗುತ್ತದೆ. ತಳದ ಪ್ರೈಮರ್‌ಗೆ ಅಂಟಿಕೊಂಡಿರುವುದೇ ಸಾಮಾನ್ಯವಾಗಿ ಕಾರ್ಖಾನೆಯ ಬಣ್ಣ. ಅದಕ್ಕೆ ಪಾಲಿಶ್ ಹಾಕಿ, ಹೊಳಪು ಬಂದ ಮೇಲೆ ಪೇಂಟ್ ಅಂಗಡಿಯಲ್ಲಿ ಶೇಡ್ ಮ್ಯಾಚ್ ಮಾಡಿಸಿ. ಮಾಸಿದ್ದನ್ನು ತೋರಿಸಿದರೆ ಮಾಸಿದ ಬಣ್ಣವೇ ಬರುತ್ತದೆ, ಅಲ್ವಾ? ಸುಮ್ನೆ ಮೊಬೈಲ್ ಫೋಟೋ ನೋಡಿ ಶೇಡ್ ಆರಿಸಬೇಡಿ. ಹಳೆಯ ಚಿನ್ನದ ಬಣ್ಣದ ಗೆರೆ ಉಳಿದಿದ್ದರೆ, ಪೇಂಟ್ ತೆಗೆಯುವ ಮೊದಲೇ ಅಳತೆ ಬರೆದಿಟ್ಟುಕೊಳ್ಳಿ. ಆರ್‌ಸಿಯಲ್ಲಿ ಕಪ್ಪು ಅಂತಿದ್ದರೆ, ಬಣ್ಣ ಬದಲಿಸಿದಾಗ ಆರ್‌ಟಿಒದಲ್ಲಿ ತಿದ್ದಿಸಬೇಕು.