ಬೆಳ್ಳಿ ಉಂಗುರ ಕಪ್ಪಾಗದಿದ್ದರೆ ಅಣಬೆ ತಿನ್ನಬಹುದಾ?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಹತ್ತಿರದ ಹಳ್ಳಿ. ಮಳೆಗಾಲದಲ್ಲಿ ಅತ್ತೆ ಹುತ್ತದ ಅಣಬೆ ತಂದು ಸಾರು ಮಾಡುತ್ತಾರೆ. ಬೇಯುವಾಗ ಬೆಳ್ಳಿ ಉಂಗುರ ಹಾಕಿ, ಕಪ್ಪಾಗದಿದ್ದರೆ ವಿಷವಿಲ್ಲ ಅನ್ನುತ್ತಾರೆ. ಈ ಸಲ ಅಂಗಳದ ಹುಲ್ಲಿನಲ್ಲೂ ದೊಡ್ಡ ಬಿಳಿ ಅಣಬೆ ಎದ್ದಿವೆ. ಹೀಗೇ ನೋಡಿ ತಿನ್ನಬಹುದಾ?

ಉತ್ತರ: ಅಂಗಳದ್ದು ಬೇಡವೇ ಬೇಡ. ಉಂಗುರವನ್ನೂ ಸಾರಿನಿಂದ ತೆಗೆದು ಬೆರಳಿಗೆ ಹಾಕಿಕೊಳ್ಳಲು ಹೇಳಿ. ಬೆಳ್ಳಿ ಕಪ್ಪಾಗುವುದು ಗಂಧಕದಿಂದ. ಬೇಯಿಸಿದ ಮೊಟ್ಟೆ ತಾಗಿದರೂ ಕಪ್ಪಾಗುತ್ತದೆ, ಮೊಟ್ಟೆ ವಿಷವಲ್ಲ ಅಲ್ವಾ? ಹುಳ ತಿಂದ ಅಣಬೆ ನಮಗೂ ಆದೀತು ಅನ್ನುವುದೂ ಇದೇ ಜಾತಿಯ ಲೆಕ್ಕ.

ಇಷ್ಟು ವರ್ಷ ನಿಮ್ಮ ಮನೆಯನ್ನು ಕಾಪಾಡಿದ್ದು ಉಂಗುರವಲ್ಲ, ಅತ್ತೆಯ ಕಣ್ಣು. ಹುತ್ತದ ಅಣಬೆ ಗೆದ್ದಲು ಮಣ್ಣಿನೊಳಗೆ ಸಾಕಿಕೊಂಡ ಶಿಲೀಂಧ್ರದಿಂದ ಏಳುತ್ತದೆ. ಹಾಗಾಗಿ ಮೆಲ್ಲಗೆ ಕೆದಕಿದರೆ ಕಾಲು ಬೇರಿನಂತೆ ಉದ್ದಕ್ಕೆ ಇಳಿದಿರುತ್ತದೆ. ಕೊಡೆಯ ನಡುವೆ ಸಾಮಾನ್ಯವಾಗಿ ಚೂಪು ಮೊನೆ ಇರುತ್ತದೆ.

ನಿಮ್ಮ ಅಂಗಳದ್ದು ಕ್ಲೋರೊಫಿಲಮ್ ಎಂಬ ವಿಷದ ಅಣಬೆ ಇರಬಹುದು. ತಟ್ಟೆಯಷ್ಟು ಅಗಲದ ಬಿಳಿ ಕೊಡೆ, ಮೇಲೆ ಕಂದು ಚೂರುಗಳು, ಕಾಲಿಗೆ ಬಳೆಯಂತೆ ಒಂದು ಸುತ್ತು. ಎಳೆಯದರಲ್ಲಿ ಕೊಡೆಯಡಿಯ ಪದರಗಳೂ ಬಿಳಿ, ಮೋಸ ಹೋಗುವುದು ಅಲ್ಲೇ. ಬಲಿತ ಕೊಡೆಯನ್ನು ಬಿಳಿ ಹಾಳೆಯ ಮೇಲೆ ಕವುಚಿ, ಬಟ್ಟಲು ಮುಚ್ಚಿಡಿ. ಬೆಳಿಗ್ಗೆ ಹಸಿರು ಪುಡಿ ಬಿದ್ದಿದ್ದರೆ ಅದೇ. ತಿಂದ ಒಂದರಿಂದ ಮೂರು ಗಂಟೆಯಲ್ಲಿ ವಾಂತಿ, ಭೇದಿ ಹಿಡಿಸುತ್ತದೆ.

ಬಿಳಿ ಪುಡಿ ಬಿದ್ದರೆ ತಿನ್ನಬಹುದು ಅಂತ ಮಾತ್ರ ತಿಳಿಯಬೇಡಿ. ಜೀವ ತೆಗೆಯುವ ಅಮನೈಟಾ ಜಾತಿಗಳ ಪುಡಿಯೂ ಬಿಳಿಯೇ. ಅವುಗಳ ಬುಡದಲ್ಲಿ ಒಡೆದ ಮೊಟ್ಟೆಚಿಪ್ಪಿನಂಥ ಚೀಲ ಇರುತ್ತದೆ. ಕತ್ತಿಯಿಂದ ಕೊಯ್ದು ತಂದರೆ ಆ ಗುರುತು ಮಣ್ಣಲ್ಲೇ ಉಳಿಯುತ್ತದೆ, ನೆನಪಿರಲಿ. ಇವುಗಳ ವಿಷ ಬೇಯಿಸಿದರೂ ಒಣಗಿಸಿದರೂ ಹೋಗುವುದಿಲ್ಲ.

ನನಗೆ ಜಾಸ್ತಿ ಭಯ ಈ ವಿಷದ ನಿಧಾನದ್ದು. ಆರು ಗಂಟೆ, ಕೆಲವೊಮ್ಮೆ ಹನ್ನೆರಡು ಗಂಟೆ ಏನೂ ಆಗುವುದಿಲ್ಲ. ಆಮೇಲೆ ವಾಂತಿ, ಭೇದಿ. ಮತ್ತೆ ಒಂದು ದಿನ ಹುಷಾರಾದ ಹಾಗೆ ಕಾಣುತ್ತದೆ. ಒಳಗೆ ಲಿವರ್ ಹಾಳಾಗುತ್ತಿರುತ್ತದೆ. ರಾತ್ರಿ ಅಣಬೆ ಉಂಡು ಬೆಳಿಗ್ಗೆ ವಾಂತಿ ಶುರುವಾದರೆ, ಅದು ನಿಂತರೂ ಸುಮ್ನೆ ಕೂರಬೇಡಿ, ದೊಡ್ಡ ಆಸ್ಪತ್ರೆಗೆ ಹೋಗಿ. ಉಳಿದ ಅಣಬೆಯ ಚೂರನ್ನು ಕಾಗದದಲ್ಲಿ ಸುತ್ತಿ ಒಯ್ಯಿರಿ. ಅದೇ ಸಾರು ಉಂಡವರನ್ನೂ, ಏನೂ ಆಗಿಲ್ಲ ಅಂದರೂ, ಜೊತೆಗೇ ಕರೆದೊಯ್ಯಿರಿ.